ಉತ್ತಮಪಾಳಯದಲ್ಲಿ ರಾಕ್ ಹಾಡಿಗೆ ಅತ್ತವರು

ದಿಂಡಿಗಲ್ಲಿನ ರೈಲ್ವೆ ಕ್ವಾರ್ಟರ್ಸಿನ ಹಿಂದೆ ಒಂದು ಬೇವಿನ ಮರವಿತ್ತು. ಅದರ ಕೆಳಗೆ, ಒಂದು ಕಾಲನ್ನು ನೆಲಕ್ಕೂರಿ ಇನ್ನೊಂದನ್ನು ಸೈಕಲ್ಲಿನ ಪೆಡಲಿನ ಮೇಲಿಟ್ಟುಕೊಂಡು, ನಾನು ಆ ಹಾಡಿಗೆ ಮೊದಲ ಸಲ ಅತ್ತೆ. ಭಾನುವಾರದ ಮಧ್ಯಾಹ್ನ. ಹ್ಯಾಂಡಲಿನಲ್ಲಿ ಮೆಸ್ಸಿನಿಂದ ತಂದ ಊಟದ ಕ್ಯಾರಿಯರ್ ತೂಗುತ್ತಿತ್ತು. ರೂಮಿನಲ್ಲಿ ಹಸಿದು ಕೂತಿದ್ದ ಗೆಳೆಯನ ಪಾಲಿನ ಅನ್ನವೂ ಅದರಲ್ಲೇ ಇತ್ತು. ಅನ್ನ ಆರಿತು, ಸಾಂಬಾರು ಆರಿತು, ನನ್ನ ಕಣ್ಣು ಮಾತ್ರ ಆರಲಿಲ್ಲ.

ಅರವತ್ತರ ದಶಕದ ನಡುವಿನ ವರ್ಷಗಳು ಅವು. ನನಗೆ ಹತ್ತೊಂಬತ್ತು. ಕಂಬಂ ಕಣಿವೆಯ ಉತ್ತಮಪಾಳಯದಲ್ಲಿ ಅಪ್ಪನಿಗೆ ಗದ್ದೆಯೂ ಬಾಳೆತೋಟವೂ ಇದ್ದವು; ನಾನು ದಿಂಡಿಗಲ್ಲಿನ ಕಾಲೇಜಿನಲ್ಲಿ ಬಿ.ಎ. ಓದುತ್ತಿದ್ದೆ, ಅಥವಾ ಹಾಗೆಂದು ಮನೆಯವರು ನಂಬಿದ್ದರು. ಮನೆಯಲ್ಲಿ ನಮ್ಮದು ಕನ್ನಡ. ನೂರಾರು ವರ್ಷಗಳ ಹಿಂದೆ ಹಿರಿಯರು ಗಂಟಿನಲ್ಲಿ ಕಟ್ಟಿಕೊಂಡು ಬಂದ ಆ ಕನ್ನಡವನ್ನು ಮೈಸೂರಿನವರು ಕೇಳಿದರೆ ಅರ್ಧಕ್ಕೆ ನಗುತ್ತಾರೆ, ಇನ್ನರ್ಧಕ್ಕೆ ತಲೆ ಕೆರೆದುಕೊಳ್ಳುತ್ತಾರೆ. ಬೀದಿಯಲ್ಲಿ, ಶಾಲೆಯಲ್ಲಿ ತಮಿಳು. ಕನ್ನಡದ ಅಕ್ಷರ ನಾನು ಕಲಿತದ್ದು ಬಹಳ ತಡವಾಗಿ. ಇನ್ನು ಇಂಗ್ಲಿಷ್. ಮೂರರಲ್ಲಿ ನನಗೆ ತೀರಾ ಕಡಿಮೆ ತಿಳಿಯುತ್ತಿದ್ದದ್ದು ಅದೇ, ಹಾಗಾಗಿ ತೀರಾ ಹೆಚ್ಚು ಗೌರವವಿದ್ದದ್ದೂ ಅದರ ಮೇಲೆಯೇ.

ಹಾಡು ಒಂದು ಮನೆಯ ತೆರೆದ ಕಿಟಕಿಯಿಂದ ಬರುತ್ತಿತ್ತು. ಮೊದಲು ಗಿಟಾರು. ಅದನ್ನು ಗಿಟಾರು ಅನ್ನುತ್ತಾರೆಂದು ಆಗ ಗೊತ್ತಿರಲಿಲ್ಲ. ಯಾರೋ ಸಿಟ್ಟಿನಿಂದ ಮುಳ್ಳುತಂತಿಯ ಬೇಲಿ ಹಿಡಿದು ಅಲ್ಲಾಡಿಸುತ್ತಿದ್ದಾರೆ ಅನ್ನಿಸಿತು. ಅದರ ಬೆನ್ನಿಗೇ ಡ್ರಮ್ಮು, ಊರಿನ ತೊಗಲು ಹದಮಾಡುವವರು ಒಣಗಿದ ಚರ್ಮವನ್ನು ಕೋಲಿನಿಂದ ಬಡಿದ ಹಾಗೆ. ಆಮೇಲೆ ಒಬ್ಬ ಹುಡುಗನ ಗಂಟಲು. ಒಡಕು ಗಂಟಲು. ಸಂಗೀತ ಕಲಿತವರು ಕೇಳಿದರೆ ಅವನಿಗೆ ಮೆಣಸಿನ ಕಷಾಯ ಕುಡಿಸಿಯಾರು. ಅವನು ಗೊಣಗುತ್ತ ಗೊಣಗುತ್ತ ಹೋದಂತೆ ಒಂದು ಕಡೆ ಗಿಟಾರು, ಡ್ರಮ್ಮು ಎಲ್ಲ ಗಕ್ಕನೆ ನಿಂತುಬಿಡುತ್ತಿದ್ದವು. ಆ ನಿಶ್ಶಬ್ದದಲ್ಲಿ ಅವನೊಬ್ಬನೇ ಎರಡು ಸಲ ಕೂಗುತ್ತಿದ್ದ. ಮತ್ತೆ ಡ್ರಮ್ಮು ಮೇಲೆ ಬೀಳುತ್ತಿತ್ತು. ಆ ಎರಡು ಕೂಗಿನ ನಡುವೆ ನನ್ನ ಎದೆಯಲ್ಲಿ ಏನೋ ಕಿತ್ತುಬಂತು. ನನಗಾಗ ಯಾವ ದುಃಖವೂ ಇರಲಿಲ್ಲ. ಯಾರೂ ಸತ್ತಿರಲಿಲ್ಲ, ಯಾವ ಹುಡುಗಿಯೂ ಬಿಟ್ಟುಹೋಗಿರಲಿಲ್ಲ, ಬಿಟ್ಟುಹೋಗಲು ಯಾರೂ ಹತ್ತಿರ ಬಂದೇ ಇರಲಿಲ್ಲ. ಆದರೂ ಅತ್ತೆ.

ಅವನು ಕೂಗಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತ್ತು. 'ಗಿವ್ ಮಿ ಬ್ಯಾಕ್, ಮೈ ಗಾಡ್! ಗಿವ್ ಮಿ ಬ್ಯಾಕ್, ಮೈ ಗಾಡ್!' ತನ್ನ ಪ್ರಿಯತಮೆಯನ್ನು ಕಸಿದುಕೊಂಡ ದೇವರನ್ನು ಎದುರು ನಿಲ್ಲಿಸಿಕೊಂಡು, ಅವಳನ್ನು ಹಿಂದಕ್ಕೆ ಕೊಡು ಎಂದು ಒಬ್ಬ ಮನುಷ್ಯ ಜಗಳ ಕಾಯುತ್ತಿದ್ದಾನೆ. ಉಳಿದ ಸಾಲುಗಳಲ್ಲಿ ಒಂದು ಮಾತೂ ತಿಳಿದಿರಲಿಲ್ಲ. ತಿಳಿಯುವ ಅಗತ್ಯವೂ ಕಾಣಲಿಲ್ಲ.

ರೂಮಿನಲ್ಲಿದ್ದ ಗೆಳೆಯ ವೇದಸಂದೂರಿನ ಕಡೆಯವನು. ಅವನ ಮನೆಮಾತೂ ನಮ್ಮದೇ ಕನ್ನಡವಾದ್ದರಿಂದ ಇಬ್ಬರೂ ಒಂದೇ ರೂಮು ಹಿಡಿದಿದ್ದೆವು. ಅವನು ಒಬ್ಬ ತಮಿಳು ಸಿನಿಮಾ ನಾಯಕನ ಭಕ್ತ. ಹೊಸ ಚಿತ್ರ ಬಂದ ದಿನ ಥಿಯೇಟರಿನ ಎದುರು ಕರ್ಪೂರ ಹಚ್ಚುವವರ ಸಾಲಿನಲ್ಲಿ ಮುಂದೆ ನಿಲ್ಲುತ್ತಿದ್ದ. ಒಂದು ಚಿತ್ರದಲ್ಲಿ ನಾಯಕನ ತಾಯಿ ಸಾಯುವುದನ್ನು ಏಳು ಸಲ ನೋಡಿ ಏಳು ಸಲವೂ ಅತ್ತಿದ್ದ. ಆರಿದ ಅನ್ನವನ್ನು ಬಾಯಿಗೆ ಹಾಕಿಕೊಳ್ಳುತ್ತ ಅವನು ಕೇಳಿದ:

"ಅದೇನ್ಲಾ, ತಿಳೀದ ಪಾಟ್ಗೆ ಅಳೋದು?" ಪಾಟು ಅಂದರೆ ನಮ್ಮಲ್ಲಿ ಹಾಡು.

"ತಿಳಿಯೋ ಪಾಟ್ಗೆ ಯಾರ್ ಬೇಕಾದ್ರೂ ಅಳ್ತಾರೆ. ಇದ್ಕೆ ಪಡಿಪ್ಪು ಬೇಕು," ಎಂದೆ. ಓದುಬರಹ ಬೇಕು ಅಂತ.

"ನಿನ್ಗೆ ಅಷ್ಟೊಂದ್ ಪಡಿಪ್ಪು ಯಾವಾಗ್ ಬಂತು? ಓದ್ ವಾರ ಇಂಗ್ಲಿಷ್ ಪರೀಕ್ಸೇಲಿ ಫೇಲಾಗಿದ್ಯಲ್ಲ?"

ದೊಡ್ಡ ದುಃಖ ಹೊತ್ತವರು ಇಂಥ ಮಾತಿಗೆ ಉತ್ತರ ಕೊಡುವುದಿಲ್ಲ ಎಂದು ಆ ಮಧ್ಯಾಹ್ನವೇ ನಿರ್ಧರಿಸಿಬಿಟ್ಟಿದ್ದೆ.

ಅಂದಿನಿಂದ ಪ್ರತಿ ಭಾನುವಾರ ಬೇವಿನ ಮರದ ಕೆಳಗೆ ನನ್ನ ಹಾಜರಿ. ಕೂದಲು ಬಿಟ್ಟೆ. ದರ್ಜಿಯ ಬಳಿ ಹಟಮಾಡಿ, ಹಾಕಿಕೊಂಡರೆ ಕೂರಲಾಗದ, ಕೂತರೆ ಏಳಲಾಗದ ಒಂದು ಪ್ಯಾಂಟು ಹೊಲಿಸಿದೆ. ಪೊಂಗಲ್ ಹಬ್ಬಕ್ಕೆ ಊರಿಗೆ ಹೋದಾಗ ನನ್ನ ಕೂದಲು ಕುತ್ತಿಗೆ ಮುಟ್ಟಿತ್ತು. ಉತ್ತಮಪಾಳಯದ ಬಸ್ ಸ್ಟ್ಯಾಂಡಿನಲ್ಲಿ ಇಳಿದಾಗ ಜನ ಬೆರಗಾಗುತ್ತಾರೆಂದು ಕಾದಿದ್ದೆ. ಯಾರೂ ಬೆರಗಾಗಲಿಲ್ಲ. ನಮ್ಮ ಕಡೆ ಗಂಡಸು ಕೂದಲು ಬಿಟ್ಟರೆ ಅದಕ್ಕೆ ಒಂದೇ ಅರ್ಥ: ಪಳನಿಯಲ್ಲಿ ಮುಡಿ ಕೊಡುವ ಹರಕೆ. ಪಕ್ಕದ ಮನೆಯ ಅಜ್ಜಿ ನನ್ನ ತಲೆ ಸವರಿ, "ಈ ಕಾಲ್ದಾಗೂ ಇಂಥ ಭಕ್ತಿ ಐತಲ್ಲಪ್ಪಾ, ಮುರುಗ ಕಾಪಾಡ್ಲಿ," ಎಂದು ಕೈಗೆ ಬೆಲ್ಲದಚ್ಚು ಕೊಟ್ಟಳು. ನಾನು ಕ್ರಾಂತಿಕಾರಿ, ಬೆಲ್ಲ ಬೇಡ ಅನ್ನಬೇಕಿತ್ತು. ತಿಂದೆ.

ಅದಕ್ಕೂ ಮೊದಲೇ, ಮರದ ಕೆಳಗೆ ನಾಲ್ಕೋ ಐದೋ ಭಾನುವಾರ ಕಳೆದಿದ್ದಾಗ, ಆ ಮನೆಯ ಬಾಗಿಲು ತೆರೆದಿತ್ತು. ದಪ್ಪ ಬಿಳಿ ಮೀಸೆಯ ಒಬ್ಬರು ಬನಿಯನ್ನಿನಲ್ಲೇ ನಾಯಿ ಹಿಡಿದುಕೊಂಡು ನನ್ನತ್ತ ಬಂದರು. ಆಂಗ್ಲೋ ಇಂಡಿಯನ್ ಮನೆತನ. ಅವರು ಇಂಜಿನ್ ಡ್ರೈವರ್. ತಮಿಳನ್ನು ಇಂಜಿನ್ನಿನ ಸದ್ದನ್ನೂ ಮೀರಿ ಕೇಳಿಸುವ ಹಾಗೆ ಮಾತಾಡುತ್ತಿದ್ದರು.

"ಏನ್ ಮ್ಯಾನ್, ಒಂದು ತಿಂಗಳಿಂದ ನೋಡ್ತಿದೀನಿ. ಯಾರಿಗೆ ಕಾಯ್ತಿದೀಯ ಇಲ್ಲಿ?"

"ಹಾಡಿಗೆ ಸಾರ್."

"ಯಾವ ಹಾಡಿಗೆ?"

"ಆ ಅಳೋ ಹಾಡು ಸಾರ್."

ಮಂಜಿನಲ್ಲಿ ಸಿಗ್ನಲ್ಲಿನ ಬಣ್ಣ ಗೊತ್ತಾಗದಿದ್ದರೆ ನೋಡುತ್ತಾರಲ್ಲ, ಹಾಗೆ ನನ್ನನ್ನು ನೋಡಿದರು. "ನಮ್ಮನೇಲಿ ಅಳೋ ಹಾಡು ಯಾವುದೂ ಇಲ್ವಲ್ಲ ತಂಬಿ?"

ಅಷ್ಟರಲ್ಲಿ ಅವರ ಮಗಳು ಹೊರಗೆ ಬಂದಳು. ನನ್ನದೇ ವಯಸ್ಸು, ಟೈಪಿಂಗ್ ಕಲಿಯುತ್ತಿದ್ದಳು. ಕೂದಲನ್ನು ಒಪ್ಪವಾಗಿ ಬಾಚಿ, ಇಸ್ತ್ರಿ ಮಾಡಿದ ಫ್ರಾಕ್ ತೊಟ್ಟಿದ್ದಳು. "ಏನಂತೆ ಡ್ಯಾಡಿ?"

"ಹಾಡಿಗೆ ಬಂದಿದಾನಂತೆ."

"ಹಾಡಿಗಾ?"

ಅವಳ ಮುಖ ಸಪ್ಪಗಾಯಿತು. ಒಂದು ತಿಂಗಳಿಂದ ಓಣಿಯ ಹುಡುಗಿಯರೆಲ್ಲ ಅವಳನ್ನು ರೇಗಿಸಿರಬೇಕು. ಪ್ರತಿ ಭಾನುವಾರ ಅವಳು ಕಿಟಕಿಯ ಬಳಿ ಕೂತು ತಲೆ ಬಾಚಿಕೊಳ್ಳುತ್ತಿದ್ದದ್ದನ್ನು ನಾನೂ ಕಂಡಿದ್ದೆ. ಆ ತಲೆ ಹಾಡಿಗೆ ಅಡ್ಡ ಬರುತ್ತಿದೆ ಎಂದಷ್ಟೇ ನನಗೆ ಅನ್ನಿಸಿತ್ತು. ಆ ಹುಡುಗಿಗೆ ನಾನು ಮಾಡಿದ ಅವಮಾನ ನನ್ನ ತಲೆಗೆ ಹೊಳೆಯಲು ಹತ್ತು ವರ್ಷ ಹಿಡಿಯಿತು.

ಡ್ರೈವರ್ ನನ್ನನ್ನು ಒಳಗೆ ಕರೆದು ಬೆತ್ತದ ಕುರ್ಚಿಯಲ್ಲಿ ಕೂರಿಸಿದರು. ಪ್ಯಾಂಟಿನ ದೆಸೆಯಿಂದ ಕೂರುವುದಕ್ಕೇ ಸ್ವಲ್ಪ ಹೊತ್ತಾಯಿತು. ಮಗಳು ಒಂದೊಂದೇ ರೆಕಾರ್ಡಿನ ಮೊದಲ ತುಣುಕು ಹಾಕಿ "ಇದಾ? ಇದಾ?" ಎಂದು ಕೇಳುತ್ತ ಬಂದಳು. ಮುಳ್ಳುತಂತಿಯ ಸದ್ದು ಬಂದ ಕೂಡಲೆ ಕೈಯೆತ್ತಿದೆ. ಅವಳು ಅಪ್ಪನ ಮುಖ ನೋಡಿದಳು. ಹಾಡು ಎಲ್ಲರೂ ನಿಲ್ಲುವ ಆ ಜಾಗಕ್ಕೆ ಬಂತು, ಹುಡುಗ ಎರಡು ಸಲ ಕೂಗಿದ, ನಾನು ಪರರ ಮನೆಯ ನಡುಮನೆಯಲ್ಲಿ ಬಿಕ್ಕಿ ಬಿಕ್ಕಿ ಅತ್ತೆ. ಡ್ರೈವರ್ ಹೆಂಡತಿ ಗಾಬರಿಯಾಗಿ ಒಂದು ತಟ್ಟೆಯಲ್ಲಿ ಕೇಕು ತಂದಿಟ್ಟರು.

ಹಾಡು ಮುಗಿದ ಮೇಲೆ ಕೇಕು ತಿನ್ನುತ್ತ, ಕೇಳದಿದ್ದರೂ, ಅದರ ಅರ್ಥವನ್ನು ಅವರಿಗೆ ವಿವರಿಸಿದೆ. ಮನುಷ್ಯ ಹೇಗೆ ದೇವರೆದುರು ನಿಂತು ತನ್ನ ಪ್ರೀತಿಯನ್ನು ಹಿಂದಕ್ಕೆ ಕೇಳುತ್ತಾನೆ, ಎಲ್ಲ ವಾದ್ಯಗಳೂ ನಿಲ್ಲುವುದು ಹೇಗೆ ದೇವರ ಮೌನ, ಮತ್ತೆ ಬೀಳುವ ಡ್ರಮ್ಮು ಹೇಗೆ ವಿಧಿ, ಹೀಗೆ. ಇಂಗ್ಲಿಷ್ ಮನೆಮಾತಾಗಿದ್ದ ಮೂವರ ಎದುರು ಒಂದು ಇಂಗ್ಲಿಷ್ ಹಾಡಿನ ಅರ್ಥ ಹೇಳಲು ನನಗೆ ಒಂದಿಷ್ಟೂ ಸಂಕೋಚವಾಗಲಿಲ್ಲ. ನಡುವೆ ಮಗಳು ಎದ್ದು ಅಡಿಗೆಮನೆಗೆ ಓಡಿದಳು. ಅಲ್ಲಿಂದ ಉಸಿರು ಕಟ್ಟಿದಂಥ ಸದ್ದು ಬರುತ್ತಿತ್ತು. ಪಾಪ, ಅವಳಿಗೂ ಅಳು ಬಂದಿದೆ ಎಂದುಕೊಂಡೆ.

"ಗಾಡ್, ಅಲ್ವಾ?" ಡ್ರೈವರ್ ಮೀಸೆ ನೀವಿಕೊಂಡರು. "ಆಗಬಹುದು ಮ್ಯಾನ್. ಆಗಬಹುದು. ಇನ್ನೊಂದು ತುಂಡು ಕೇಕು ತಗೋ."

ಆಮೇಲೆ ಮರದ ಕೆಳಗೆ ನಿಲ್ಲುವ ಕಷ್ಟ ತಪ್ಪಿತು. ಭಾನುವಾರ ಅವರ ಮನೆಗೆ ಹೋಗಿ, ಹಾಡು ಕೇಳಿ, ಅತ್ತು, ಕೇಕು ತಿಂದು ಬರುತ್ತಿದ್ದೆ. ಕಾಲೇಜಿನಲ್ಲಿ ನನ್ನ ಖ್ಯಾತಿ ಬೆಳೆಯಿತು. ಅದು ಹಬ್ಬಿ ನಮ್ಮ ಇಂಗ್ಲಿಷ್ ಮೇಷ್ಟ್ರ ಕಿವಿಗೂ ಬಿತ್ತು. ದಿಂಡಿಗಲ್ಲಿನ ಬೇಸಿಗೆಯಲ್ಲೂ ಕೋಟು ತೊಟ್ಟೇ ಪಾಠ ಮಾಡುವವರು ಅವರು. ಕೋಟಿನ ಕಂಕುಳಲ್ಲಿ ಎರಡು ದೊಡ್ಡ ಉಪ್ಪಿನ ವೃತ್ತಗಳು ಮೂಡಿದ್ದವು. "ಇಂಗ್ಲಿಷ್ ಸಂಘದಲ್ಲಿ ಇದರ ಬಗ್ಗೆ ಮಾತಾಡಯ್ಯಾ," ಎಂದರು. 'ಆಧುನಿಕ ಮಾನವನ ಪ್ರಾರ್ಥನೆ' ಎಂದು ಹೆಸರಿಟ್ಟೆ. ಡ್ರೈವರ್ ತಮ್ಮ ರೆಕಾರ್ಡ್ ಪ್ಲೇಯರ್ ಕೊಡಲು ಒಪ್ಪಿದರು. ಅದರ ಮುಳ್ಳು ಮುಟ್ಟಲು ನನ್ನನ್ನು ನಂಬದೆ ಮಗಳನ್ನೇ ಜತೆಗೆ ಕಳಿಸಿದರು.

ಅಂದು ಹಾಲ್ ತುಂಬಿತ್ತು. ಹುಡುಗಿಯೊಬ್ಬಳು ಫ್ರಾಕ್ ತೊಟ್ಟು ವೇದಿಕೆಯ ಮೇಲೆ ಕೂರುತ್ತಾಳೆಂದು ಗೊತ್ತಾಗಿದ್ದರಿಂದ ತುಂಬಿತ್ತು. ನಾನು ಅದನ್ನು ಆಧುನಿಕ ಮಾನವನ ಖಾತೆಗೆ ಹಾಕಿಕೊಂಡೆ. ಮುಕ್ಕಾಲು ಗಂಟೆ ಮಾತಾಡಿದೆ. ಹಾಡು ಹಾಕಿಸಿದೆ. ಕೂಗು ಬರುವ ಹೊತ್ತಿಗೆ ಸರಿಯಾಗಿ ಕರವಸ್ತ್ರ ತೆಗೆದೆ. ಮೇಷ್ಟ್ರು ಎದ್ದು ನಿಂತು, ತಾವು ಈ ಹಾಡನ್ನು ಹಿಂದೆ ಮದರಾಸಿನಲ್ಲಿ ಕೇಳಿದ್ದಾಗಿಯೂ, ಆಗಲೇ ತಮಗೆ ಇದರಲ್ಲಿ ಒಂದು ದೈವಿಕ ಹಂಬಲ ಕಂಡಿತ್ತೆಂದೂ ಹೇಳಿ ಕನ್ನಡಕ ಒರೆಸಿಕೊಂಡರು. "ಪ್ರಶ್ನೆಗಳಿದ್ದರೆ ಕೇಳಬಹುದು," ಎಂದರು.

ಹಿಂದಿನ ಬೆಂಚಿನಿಂದ ನನ್ನ ರೂಮಿನ ಗೆಳೆಯ ಎದ್ದ. ಚಪ್ಪಾಳೆ ತಟ್ಟಲು ಬಂದಿದ್ದವನು, ಯಾಕೆ ಎದ್ದನೋ.

"ಸಾರ್, ಅವನು ಕೂಗೋದು 'ಮೈ ಕೋಟ್' ಅಂತ ಅಲ್ವಾ ಸಾರ್? ನಂಗೆ ಕೋಟು ಅಂತ ಕೇಳ್ತು."

ಇಡೀ ಹಾಲ್ ಮೇಷ್ಟ್ರ ಕೋಟಿನ ಕಡೆ ತಿರುಗಿತು. ಮೊದಲು ಮುಂದಿನ ಸಾಲು ನಕ್ಕಿತು, ಆಮೇಲೆ ಎಲ್ಲರೂ. ತಮ್ಮನ್ನೇ ಆಡಿಕೊಂಡನೆಂದು ಮೇಷ್ಟ್ರ ಮುಖ ಕೆಂಪಾಯಿತು. ನಾನು ಮೈಕಿನ ಹತ್ತಿರ ಬಾಯಿಟ್ಟು ಹೇಳಿದೆ, "ದೇವರ ಮಾತು ಕೇಳಿಸಬೇಕಾದ ಕಡೆ ಕೆಲವರಿಗೆ ಕೋಟು, ಪ್ಯಾಂಟು ಕೇಳಿಸುತ್ತದೆ. ಕಿವಿಯ ತಪ್ಪಲ್ಲ, ಸಂಸ್ಕಾರದ್ದು." ಚಪ್ಪಾಳೆಯೋ ಚಪ್ಪಾಳೆ. ಅವನು ಕೂತ. ಮರುದಿನದಿಂದ ಕಾಲೇಜಿನಲ್ಲಿ ಅವನ ಹೆಸರು 'ಕೋಟು' ಎಂದಾಯಿತು. ನಾನೂ ಹಾಗೆಯೇ ಕರೆದೆ.

ಸಭೆ ಮುಗಿದ ಮೇಲೆ ಪ್ಲೇಯರನ್ನು ಜಟಕಾದಲ್ಲಿ ಇಡುತ್ತಿದ್ದಾಗ ಡ್ರೈವರ್ ಮಗಳು ನನ್ನನ್ನು ಕರೆದಳು. ಅವಳು ನಗುತ್ತಿರಲಿಲ್ಲ.

"ನಿನ್ನ ಸ್ನೇಹಿತ ಹೇಳಿದ್ದು ಸರಿ. ಅದು ಕೋಟೇ."

"ಯಾವ ಕೋಟು?"

"ಮೈಗೆ ಹಾಕ್ಕೊಳ್ಳೋ ಕೋಟು. ಅವನ ಹುಡುಗಿ ಜಗಳ ಆಡಿ ರೈಲು ಹತ್ತಿ ಹೋಗಿದಾಳೆ. ಅವನ ಕೋಟು ಅವಳ ಮೈಮೇಲೇ ಹೋಗಿದೆ. ಇವನು ಚಳಿಯಲ್ಲಿ ಸ್ಟೇಷನ್ನಿನಲ್ಲಿ ನಿಂತು, ಕೋಟು ವಾಪಸ್ ಕೊಡು ಅಂತಾನೆ."

"ಅಷ್ಟೇನಾ?"

"ಕೊನೇಲಿ, ಮನೆ ಬೀಗದಕೈಯೂ ಅದರ ಜೇಬಿನಲ್ಲೇ ಇದೆ ಅಂತಾನೆ."

ಜಟಕಾದ ಕುದುರೆ ಬಾಲ ಬೀಸಿ ನೊಣ ಓಡಿಸಿಕೊಂಡಿತು. ನನಗೆ ನನ್ನ ನೋಟ್‌ಬುಕ್ ನೆನಪಾಯಿತು. ಹಾಡಿನ ಸಾಲನ್ನು ನಾನು ತಮಿಳು ಅಕ್ಷರದಲ್ಲಿ ಬರೆದುಕೊಂಡಿದ್ದೆ. ತಮಿಳಿನಲ್ಲಿ ಕ ಮತ್ತು ಗ ಎರಡಕ್ಕೂ ಒಂದೇ ಅಕ್ಷರ, ಟ ಮತ್ತು ಡ ಎರಡಕ್ಕೂ ಒಂದೇ. ದೇವರಿಗೂ ಕೋಟಿಗೂ ನನ್ನ ಪುಸ್ತಕದಲ್ಲಿ ಹೆಚ್ಚು ದೂರವಿರಲಿಲ್ಲ. ಪಾಪ, ಅಕ್ಷರಗಳನ್ನು ಯಾಕೆ ದೂರಲಿ. ಅದೇ ಅಕ್ಷರ ಕಲಿತ ಗೆಳೆಯನಿಗೆ ಸರಿಯಾಗಿಯೇ ಕೇಳಿಸಿತ್ತು.

"ಮೊದಲೇ ಯಾಕೆ ಹೇಳಲಿಲ್ಲ?"

"ಡ್ಯಾಡಿ ಬೇಡ ಅಂದ್ರು. ಯಾರನ್ನೂ ಅವರ ನಂಬಿಕೆಯಿಂದ ಕೆಳಗೆ ಇಳಿಸಬಾರದಂತೆ." ಅವಳು ಜಟಕಾ ಹತ್ತಿ ಕೂತಳು. "ಇವತ್ತು ಆ ಹುಡುಗನಿಗೆ ನೀನು ಹಾಗೆ ಅನ್ನದೇ ಇದ್ದಿದ್ರೆ ನಾನೂ ಹೇಳ್ತಿರಲಿಲ್ಲ."

ಮುಂದಿನ ಭಾನುವಾರ ಹೋಗಬಾರದೆಂದುಕೊಂಡು ಹೋದೆ. ಈ ಸಲ ಒಂದೊಂದು ಪದವೂ ಕೇಳಿಸಿತು. ಕೋಟು, ಜೇಬು, ಬೀಗದಕೈ, ಸ್ಟೇಷನ್ನಿನ ಬೆಂಚು. ಎಂಥ ಕಳಪೆ ಸಾಲುಗಳು. ಎಲ್ಲ ವಾದ್ಯಗಳೂ ನಿಂತವು, ಅವನು ಕೂಗಿದ, ನನಗೆ ಅಳು ಬಂತು. ಕೋಟು ಎಂದು ಗೊತ್ತಿದ್ದೂ ಬಂತು. ಇಷ್ಟು ದಿನ ನನ್ನ ಅಳುವಿಗೆ ದೇವರ ಆಸರೆಯಿತ್ತು, ಈಗ ಆ ಮರ್ಯಾದೆಯೂ ಇಲ್ಲದೆ ಒಂದು ಉಣ್ಣೆ ಬಟ್ಟೆಗಾಗಿ ಅಳುತ್ತಿದ್ದೇನಲ್ಲ ಎಂದು ನನ್ನ ಮೇಲೆ ನನಗೇ ಸಿಟ್ಟು ಬಂತು. ಆ ಮನೆಯವರು ಮುಂದಿನ ತಿಂಗಳು ಆಸ್ಟ್ರೇಲಿಯಾಕ್ಕೆ ಹೊರಡುವವರಿದ್ದರು. ಮಗಳು ರೆಕಾರ್ಡನ್ನು ಅದರ ಕಾಗದದ ಚೀಲಕ್ಕೆ ಹಾಕಿ ನನ್ನ ಕೈಗಿಟ್ಟಳು. "ನಮಗೆ ಅಲ್ಲಿ ಬೇರೆ ಸಿಗುತ್ತೆ. ಸ್ನೇಹಿತನಿಗೆ ನಿಜ ಹೇಳು," ಎಂದಳು. ಹೂಂ ಎಂದೆ.

ಹೇಳಲಿಲ್ಲ. ಇವತ್ತು ಹೇಳೋಣ, ನಾಳೆ ಹೇಳೋಣ ಎನ್ನುತ್ತಿರುವಾಗಲೇ ಮೇಷ್ಟ್ರು ನನ್ನ ಭಾಷಣವನ್ನು ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಅಚ್ಚು ಹಾಕಿಸಿದರು, ಮೊದಲ ಲೇಖನವಾಗಿ. ಅಚ್ಚಾದ ಮೇಲೆ ಸತ್ಯ ಹೇಳುವುದು ಇನ್ನೂ ಕಷ್ಟ. ಗೆಳೆಯ 'ಕೋಟು' ಎಂಬ ಹೆಸರಿಗೆ ಓಗೊಡುವುದನ್ನು ಅಭ್ಯಾಸ ಮಾಡಿಕೊಂಡಿದ್ದ. ಊಟದ ಕ್ಯಾರಿಯರ್ ತರುವ ಸರದಿಯನ್ನೂ ಬೇಜಾರಿಲ್ಲದೆ ತಾನೇ ವಹಿಸಿಕೊಂಡಿದ್ದ. ಅವನು ಒಂದು ಸಲ ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ಆ ವರ್ಷವೇ ಮೇ ಕೊನೆಯ ಹೊತ್ತಿಗೆ, ತಮಿಳರ ವೈಕಾಸಿ ತಿಂಗಳಲ್ಲಿ, ಊರಿನಲ್ಲಿ ನನ್ನ ಅಕ್ಕನ ಮದುವೆ. ಗೆಳೆಯ ಎರಡು ದಿನ ಮೊದಲೇ ಬಂದು ಚಪ್ಪರಕ್ಕೆ ಬಾಳೆಕಂಬ ಕಟ್ಟುವುದರಿಂದ ಹಿಡಿದು ನೀರು ತುಂಬುವವರೆಗೆ ನನಗಿಂತ ಹೆಚ್ಚು ದುಡಿದ. ಮೈಕ್ ಸೆಟ್ಟಿನವನು ಎರಡು ತೆಂಗಿನ ಮರಗಳಿಗೆ ಎರಡು ದೊಡ್ಡ ಕೊಳವೆ ಸ್ಪೀಕರು ಕಟ್ಟಿ ಬೆಳಗಿನಿಂದ ಭಕ್ತಿಗೀತೆ, ಆಮೇಲೆ ಸಿನಿಮಾ ಹಾಡು ಹಾಕುತ್ತಿದ್ದ. ತಾಳಿ ಕಟ್ಟಿ ಆಗಿತ್ತು. ನಾಗಸ್ವರದವರು ಊಟಕ್ಕೆ ಕೂತಿದ್ದರು. ನಾನು ಪಂಕ್ತಿಯಲ್ಲಿ ಪಾಯಸ ಬಡಿಸುತ್ತಿದ್ದೆ.

ಇದ್ದಕ್ಕಿದ್ದಂತೆ ಎರಡೂ ತೆಂಗಿನ ಮರಗಳಿಂದ ಮುಳ್ಳುತಂತಿ ಅಲ್ಲಾಡಿಸಿದ ಸದ್ದು ಬಂತು.

ಮೊದಲು ವೇಗ ತಪ್ಪಿತ್ತು. ನನ್ನ ಒಡಕು ಗಂಟಲಿನ ನಾಯಕ ಬಾಲ ತುಳಿಸಿಕೊಂಡ ಬೆಕ್ಕಿನ ಹಾಗೆ ಕಿರುಚಿದ. ಮೈಕ್ ಸೆಟ್ಟಿನವನು ಏನೋ ತಿರುಗಿಸಿ ಸರಿಮಾಡಿದ. ಆಗ ನಿಜವಾದ ದನಿ ಬಂತು, ದಿಂಡಿಗಲ್ಲಿನ ನಡುಮನೆಯಲ್ಲಿ ಕೇಳಿದ್ದಕ್ಕಿಂತ ನೂರು ಪಟ್ಟು ದೊಡ್ಡದಾಗಿ, ಬಾಳೆತೋಟ ದಾಟಿ ಕಂಬಂ ರಸ್ತೆಯವರೆಗೆ. ಹಟ್ಟಿಯ ಎಮ್ಮೆ ಹಗ್ಗ ಜಗ್ಗಿ ಕೂಗಿತು. ಅಡಿಗೆಯವನು ಸೌಟು ಹಿಡಿದೇ ಹೊರಗೆ ಬಂದ. ಮೈಕ್ ಸೆಟ್ಟಿನ ಪಕ್ಕ ನನ್ನ ಗೆಳೆಯ ನಿಂತಿದ್ದ. ನನ್ನ ಪೆಟ್ಟಿಗೆಯಿಂದ ರೆಕಾರ್ಡು ತಂದಿದ್ದವನು ಅವನೇ. ನನ್ನನ್ನು ನೋಡಿ ಹಲ್ಲು ಬಿಟ್ಟು ಕೈ ಬೀಸಿದ. ತನಗೆ ಸೇರದ ಹಾಡನ್ನು ನನ್ನ ಖುಷಿಗೆಂದು ನನ್ನ ಊರಿಗೆಲ್ಲ ಕೇಳಿಸುತ್ತಿದ್ದ.

ವಾದ್ಯಗಳೆಲ್ಲ ನಿಂತವು. ಇಡೀ ಮದುವೆಮನೆ ಕೈಯಲ್ಲಿ ತುತ್ತು ಹಿಡಿದು ಸುಮ್ಮನಾಯಿತು. ಅವನು ಕೂಗಿದ. ಗಂಡಿನ ಕಡೆಯ ಹಿರಿಯರೊಬ್ಬರು ಎಲೆಯಿಂದ ಎದ್ದರು. "ಏನ್ ಬೀಗ್ರೇ, ಮದ್ವೆ ಮನೇಲಿ ಒಪ್ಪಾರಿ ಆಕ್ಸಿದ್ದೀರಲ್ಲ? ಸತ್ತೋರ್ ಯಾರು ನಿಮ್ಮನೇಲಿ?" ಒಪ್ಪಾರಿ ಅಂದರೆ ಹೆಣದ ಮುಂದೆ ಕೂತು ಹೆಂಗಸರು ಅಳುವ ಹಾಡು. ಅಪ್ಪ ಅಲ್ಲಿಂದಲೇ ಗುಡುಗಿದ: "ಯಾವನ್ಲಾ ಅವ್ನು? ನಿಲ್ಸ್ಲಾ ಅದ್ನ!" ಮೈಕ್ ಸೆಟ್ಟಿನವನು ಹೆದರಿ ಮುಳ್ಳನ್ನು ಕಿತ್ತೆತ್ತಿದ. ಪರ್ರ್ ಎಂದು ಸದ್ದಾಗಿ ಹಾಡು ನಿಂತಿತು. ನನ್ನ ಹಾಡು ಕಣಿವೆಯ ಎದುರು ಅರ್ಧವೂ ಬಾಳಲಿಲ್ಲ.

ನಾನು ಪಾಯಸದ ಪಾತ್ರೆ ಇಟ್ಟು ಗೆಳೆಯನನ್ನು ಎಳೆದುಕೊಂಡು ಹಿತ್ತಿಲಿಗೆ ಹೋದೆ. ಅಲ್ಲಿ ಬತ್ತದ ಕಣಜದ ಪಕ್ಕ ನನ್ನ ಸೋದರತ್ತೆ ಕೂತಿದ್ದಳು. ಅಪ್ಪನ ಅಕ್ಕ, ಗಂಡ ಸತ್ತು ಮೂವತ್ತು ವರ್ಷಗಳಾಗಿತ್ತು, ನಮ್ಮ ಮನೆಯಲ್ಲೇ ಇದ್ದಳು. ಮದುವೆಯ ಮುಂಭಾಗಕ್ಕೆ ವಿಧವೆಯರು ಬರಬಾರದೆಂದು ಹಿತ್ತಿಲಿನಲ್ಲಿ ಸೊಪ್ಪು ಬಿಡಿಸುತ್ತಿದ್ದಳು. ಅವಳ ಕೆನ್ನೆ ಒದ್ದೆಯಾಗಿತ್ತು.

"ಯಾಕತ್ತೆ?"

"ಅದ್ಯಾಕ್ ನಿಲ್ಸ್‌ಬುಟ್ರು? ಯಾರ್ ಮಗಾ ಅವ್ನು? ಯಾರ್ನೋ ಏನೋ ಕೇಳ್ತಾವ್ನಲ್ಲ, ಅವ್ರು ಕುಡ್ತಾನೇ ಇಲ್ಲ." ಕುಡೋದು ಅಂದರೆ ನಮ್ಮಲ್ಲಿ ಕೊಡುವುದು.

ನನ್ನ ಗೆಳೆಯ ನನ್ನ ಮುಖ ನೋಡಿದ. ಅತ್ತೆಯೂ ನೋಡಿದಳು. ದೇವರು, ಮಾನವ, ವಿಧಿ, ಎಲ್ಲ ಬಾಯಿಯವರೆಗೆ ಬಂತು. ಮುಕ್ಕಾಲು ಗಂಟೆಯ ಭಾಷಣ ನನಗೆ ಬಾಯಿಪಾಠವಾಗಿತ್ತು.

"ಕೋಟು ಕೇಳ್ತಾವ್ನೆ ಅತ್ತೆ," ಎಂದೆ. "ಕೋಟೇ. ಕೋಟು ಅಂತ ಇವ್ನು ಅವತ್ತೇ ಏಳಿದ್ದ. ನಾನು ಎಲ್ರ ಮುಂದೆ ಇವ್ನನ್ನ ನಗೆಪಾಟ್ಲು ಮಾಡ್ಬುಟ್ಟೆ."

ಗೆಳೆಯನ ಕಿವಿ ಕೆಂಪಾಯಿತು. ನೆಲದ ಮೇಲಿದ್ದ ಸೊಪ್ಪಿನ ದಂಟೊಂದನ್ನು ಎತ್ತಿಕೊಂಡು ಮುರಿಯತೊಡಗಿದ. ಆಮೇಲೆ, "ನಮ್ ಮಾಮ ಟೈಲರು ಕಣ್ಲಾ. ನಂಗೆ ಇಂಗ್ಲಿಷ್ನಾಗೆ ಸರಿಯಾಗ್ ಗೊತ್ತಿರೋದೇ ಅದೊಂದು," ಎಂದ.

ಅತ್ತೆಗೆ ನಮ್ಮ ಕಾಲೇಜಿನ ವ್ಯವಹಾರ ಬೇಕಿರಲಿಲ್ಲ. "ಕೋಟು ಯಾರ್ ಇಟ್ಕಂಡವ್ರೆ?"

"ಅವ್ನ್ ಜತೆ ಇದ್ದ ಎಣ್ಣು. ಜಗಳ ಆಡ್ಕಂಡು ಓಗ್‌ಬುಟ್ಲು. ಅವ್ನು ಕುಳಿರ್ನಾಗೆ ನಿಂತವ್ನೆ." ಕುಳಿರು ಅಂದರೆ ನಮ್ಮಲ್ಲಿ ಚಳಿ.

ಅತ್ತೆ ಸೊಪ್ಪು ಬಿಡಿಸುತ್ತ, ತಲೆಯೆತ್ತದೆ ಹೇಳಿದಳು. ಅವಳ ಗಂಡ ಏಲಕ್ಕಿ ಕಾಡಿಗೆ ಕೆಲಸಕ್ಕೆ ಹೊರಟಿದ್ದ, ಮೇಲೆ ಬೆಟ್ಟಕ್ಕೆ. ಮಳೆಗಾಲ, ಹೋಗಬೇಡ ಎಂದು ಇವಳು, ಹೋಗಿಯೇ ಸಿದ್ಧ ಎಂದು ಅವನು. ಕಂಬಳಿಯಿಲ್ಲದೆ ಹೋಗಲಾರನೆಂದು ಇವಳು ಅವನ ಕಂಬಳಿಯನ್ನು ಬತ್ತದ ಕಣಜದಲ್ಲಿ ಬಚ್ಚಿಟ್ಟಳು.

"ಅಂಗ್ಳದಾಗೆ ನಿಂತು ಕೂಗ್ದ. 'ನನ್ ಕಂಬ್ಳಿ ಕುಡೇ' ಅಂತ. ಮೂರ್ ಸಲ ಕೂಗ್ದ. ನಾನ್ ಒಳ್ಗೇ ಕುಂತಿದ್ದೆ, ನಗ್ತಾ. ಅಂಗೇ ಓಗ್‌ಬುಟ್ಟ. ಮೂರ್ ವಾರಕ್ಕೆ ಡೋಲಿ ಕಟ್ಟಿ ಇಳ್ಸ್ಕಂಡ್ ಬಂದ್ರು. ಕುಳಿರ್‌ಜ್ವರ. ಅಷ್ಟೇಯಾ."

"ಯಾರಿಗೂ ಏಳಿಲ್ವಾ ಅತ್ತೆ?"

"ಏನಂತ ಏಳ್ಲಿ?" ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ಅವ್ಳು ಕೋಟ್ನ ಕುಟ್ಬುಡ್ಬೇಕಿತ್ತು ಕಣಪ್ಪಾ, ಆ ಎಣ್ಣು. ಜಗಳ ಆಮ್ಯಾಕೂ ಆಡ್ಬೋದು."

ಒಂದು ಕೋಟಿಗಾಗಿ ಅಳುವುದು ಕೀಳೆಂದು ನಾಚಿ ಸಾಯುತ್ತಿದ್ದವನು ನಾನು. ಇವಳು ಕಂಬಳಿಯೊಂದನ್ನು ಮೂವತ್ತು ವರ್ಷ ಎದೆಯಲ್ಲಿಟ್ಟುಕೊಂಡಿದ್ದಳು. ಪಡಿಪ್ಪು ಬೇಕಂತೆ, ಪಡಿಪ್ಪು. ಅಂದು ಹಿತ್ತಿಲಿನಲ್ಲಿ ಮೂವರೂ ಸೇರಿ ಒಂದು ಬುಟ್ಟಿ ಸೊಪ್ಪು ಬಿಡಿಸಿದೆವು.

ಕಾಲೇಜಿಗೆ ವಾಪಸಾದ ಮೇಲೆ ನಾನು ಎಲ್ಲರೆದುರು ನಿಂತು ನಿಜ ಹೇಳಿದೆ ಎಂದು ಬರೆಯಲು ಆಸೆಯಿದೆ. ನಾಲ್ಕು ಜನರಿಗೆ ಹೇಳಿದೆ. ಅವರು ನನ್ನನ್ನೂ 'ಕೋಟು' ಎನ್ನತೊಡಗಿದರು. ಹಾಗಾಗಿ ಆ ರೂಮಿನಲ್ಲಿ ಎರಡು ಕೋಟುಗಳಾದವು, ದೊಡ್ಡದು, ಚಿಕ್ಕದು. ಮೇಷ್ಟ್ರಿಗೆ ಮಾತ್ರ ಹೇಳಲಿಲ್ಲ. ಅವರು ನಿವೃತ್ತರಾಗುವವರೆಗೂ ಹೊಸ ವಿದ್ಯಾರ್ಥಿಗಳಿಗೆ ಆ ಹಾಡಿನ ದೈವಿಕ ಹಂಬಲದ ಬಗ್ಗೆ ಪಾಠ ಮಾಡುತ್ತಿದ್ದರೆಂದು ಕೇಳಿದ್ದೇನೆ. ರೆಕಾರ್ಡು ಮೈಕ್ ಸೆಟ್ಟಿನವನ ಪೆಟ್ಟಿಗೆಯಲ್ಲಿ ಅವನ ರೆಕಾರ್ಡುಗಳ ಜತೆ ಸೇರಿ ಹೋಗಿಬಿಟ್ಟಿತು. ಅವನು ಅದನ್ನು ಎಸೆಯಲಿಲ್ಲ. ಊಟ ಮುಗಿದರೂ ಚಪ್ಪರ ಬಿಟ್ಟು ಏಳದ ನೆಂಟರಿದ್ದ ಮನೆಗಳಲ್ಲಿ ಅದನ್ನು ಹಾಕುತ್ತಿದ್ದನಂತೆ. ಒಂದು ನಿಮಿಷದಲ್ಲಿ ಚಪ್ಪರ ಖಾಲಿ. ಕಂಬಂ ಕಣಿವೆಯಲ್ಲಿ ಆ ಹಾಡಿಗೆ ಅಷ್ಟರಮಟ್ಟಿಗೆ ಬೆಲೆ ಬಂತು.

ಅತ್ತೆ ಮಾತ್ರ ನಾನು ಊರಿಗೆ ಹೋದಾಗಲೆಲ್ಲ ಆ ಪಾಟು ಕೇಳಿಸು ಅನ್ನುತ್ತಿದ್ದಳು. ಒಂದು ದಿನ ತಡೆಯಲಾರದೆ, ಗದ್ದೆಯ ಬದುವಿನ ಮೇಲೆ ಕೂತು ನಾನೇ ಹಾಡಿ ತೋರಿಸಿದೆ. ಗಿಟಾರನ್ನು ಬಾಯಲ್ಲೇ ಬಾರಿಸಿದೆ, ತೊಡೆಯ ಮೇಲೆ ಡ್ರಮ್ಮು ಬಡಿದೆ, ನಿಲ್ಲಿಸಬೇಕಾದ ಕಡೆ ನಿಲ್ಲಿಸಿ ಪ್ರಾಣ ಹೋಗುವ ಹಾಗೆ ಎರಡು ಸಲ ಕೂಗಿದೆ. ಗದ್ದೆಯಲ್ಲಿದ್ದ ಕೊಕ್ಕರೆಗಳು ಎದ್ದು ಹಾರಿದವು. ಅತ್ತೆ ಕೊನೆಯವರೆಗೂ ತಾಳ್ಮೆಯಿಂದ ಕೇಳಿದಳು.

"ಬುಡು ಮಗಾ," ಎಂದಳು. "ಅವ್ನಾದ್ರೆ ಚೆಂದಾಗ್ ಅಳ್ತಿದ್ದ."